ತಂಪಿಗೂ ತಾಳ್ಮೆಗೂ ತೆರುವ ಬೆಲೆ



ಕನ್ನಡ ಸಾಹಿತ್ಯಕ್ಕೆ ಮದ್ಯದ ಪರಿಚಯ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನಿದ್ದಾನೆ. ಜಿ. ಪಿ. ರಾಜರತ್ನಂ ಅವರ ರತ್ನನನ್ನು ಮರೆತವರಿಲ್ಲ. ಶಿವರಾಮ ಕಾರಂತರ ಚೋಮನೂ ದುಡಿಯೊಡನೆ ಕಳ್ಳನ್ನು ಬಲ್ಲವನೇ. ಆದರೆ ಬಿಯರಿಗೆ ಮಾತ್ರ ನಮ್ಮ ಭಾಷೆಯಲ್ಲಿ ಸ್ವಂತದ ಹೆಸರು ಹುಟ್ಟಲಿಲ್ಲ. ಬಂದ ಹೆಸರಿನಲ್ಲೇ ಅದು ಉಳಿದುಕೊಂಡಿತು. ಅಂಥ ಪಾನೀಯದ ಬಗ್ಗೆ ನಿವೃತ್ತ ಕನ್ನಡ ಅಧ್ಯಾಪಕನೊಬ್ಬ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು.

ನಾನು ವಾಸವಾಗಿರುವ ಬಜಪೆಗೆ ರಜೆಯಲ್ಲಿ ಬೆಂಗಳೂರಿನಿಂದ, ಕೊಲ್ಲಿಯ ನಾಡುಗಳಿಂದ ಬಂದಿಳಿಯುವ ತರುಣರು ಒಂದು ಪ್ರಶ್ನೆಯನ್ನು ಎತ್ತುತ್ತಾರೆ. ಕ್ರಾಫ್ಟ್ ಲಾಗರ್ ಎಂಬ ಹೆಸರಿನಲ್ಲಿ ಸಣ್ಣ ತಯಾರಕರು ಮಾಡುವ ಬಿಯರಿಗೆ ಅಂಗಡಿಯ ಸಾಮಾನ್ಯ ಬಿಯರಿಗಿಂತ ಬಹಳ ಹೆಚ್ಚು ಕೊಡಬೇಕಾಗುತ್ತದೆ. ಆ ಹೆಚ್ಚಿನ ಹಣ ಸಾರ್ಥಕವೆ? ಕುಡಿಯದವರನ್ನು ಕುಡಿಯಿರೆಂದು ಹೇಳುವ ಉದ್ದೇಶ ನನ್ನದಲ್ಲ. ಆದರೆ ಒಂದು ವಸ್ತುವಿನ ಬೆಲೆಯಲ್ಲಿ ಎಷ್ಟು ಭಾಗ ದುಡಿಮೆಯದು, ಎಷ್ಟು ಭಾಗ ಹೆಸರಿನದು ಎಂಬ ವಿಚಾರ ಎಲ್ಲರಿಗೂ ಸಂಬಂಧಿಸಿದ್ದು.

ಮೊದಲು ಲಾಗರ್ ಎಂದರೇನೆಂದು ತಿಳಿಯಬೇಕು. ನಮ್ಮ ಕರಾವಳಿಯವರಿಗೆ ಹುದುಗುವಿಕೆಯ ಪಾಠ ಬೇಕಾಗಿಲ್ಲ. ಮರದಿಂದ ಇಳಿಸಿದ ಕಳ್ಳು ಗಡಿಗೆಯಲ್ಲೇ ಹುದುಗತೊಡಗುತ್ತದೆ. ಹೊತ್ತು ಕಳೆದಂತೆ ಹುಳಿಯೇರುತ್ತದೆ. ಅದೇ ಕಳ್ಳನ್ನು ಹಿಟ್ಟಿಗೆ ಬೆರೆಸಿ ನಮ್ಮ ಕ್ರೈಸ್ತ ಬಂಧುಗಳು ಸನ್ನಗಳನ್ನು ಉಬ್ಬಿಸುತ್ತಾರೆ. ಎರಡು ಕಡೆಯೂ ಕೆಲಸ ಮಾಡುವುದು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ. ಕಳ್ಳು ಸೆಕೆಯ ನಾಡಿನ ಕೂಸು, ಅವಸರದ ಕೂಸು. ಲಾಗರ್ ಇದಕ್ಕೆ ತೀರ ವಿರುದ್ಧ. ಅದು ಚಳಿಯ ನಾಡಿನದು, ನಿಧಾನದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟಿನ, ಸಿಹಿ ರಸಕ್ಕೆ ಕಹಿಯಾದ ಹಾಪ್ಸ್ ಹೂವನ್ನು ಹಾಕಿ ಕುದಿಸಿ, ಆರಿಸಿ, ಸುಮಾರು 7ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಹುದುಗಿಸುತ್ತಾರೆ. ಆಮೇಲೆ ಇನ್ನೂ ಕೊರೆಯುವ ತಂಪಿನಲ್ಲಿ ವಾರಗಟ್ಟಲೆ ಇಡುತ್ತಾರೆ. ಜರ್ಮನ್ ಭಾಷೆಯಲ್ಲಿ ‘ಲಾಗರ್’ ಎಂದರೆ ಉಗ್ರಾಣ, ಕೂಡಿಡುವ ಜಾಗ. ಹೆಸರಿನಲ್ಲಿಯೇ ಕಾಯುವಿಕೆ ಅಡಗಿದೆ.

ಬವೇರಿಯಾ ಪ್ರಾಂತದಲ್ಲಿ 1553ರಲ್ಲಿ ಬೇಸಗೆಯ ತಿಂಗಳುಗಳಲ್ಲಿ ಬಿಯರ್ ಕಾಯಿಸಬಾರದೆಂಬ ರಾಜಾಜ್ಞೆಯಾಯಿತು. ಚಳಿಗಾಲದಲ್ಲಿ ಮಾಡಿದ್ದನ್ನು ನೆಲಮಾಳಿಗೆಗಳಲ್ಲಿ ಕಾಪಾಡಿಕೊಳ್ಳುವ ಪದ್ಧತಿ ಬೆಳೆಯಿತು. 1842ರಲ್ಲಿ ಬೊಹೀಮಿಯಾದ ಪಿಲ್ಸನ್ ಊರಿನಲ್ಲಿ ಯೋಸೆಫ್ ಗ್ರೋಲ್ ಎಂಬಾತ ಹೊಂಬಣ್ಣದ ತಿಳಿ ಲಾಗರನ್ನು ಮಾಡಿದ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ಶೀತಯಂತ್ರ ಬಂದಮೇಲೆ ಚಳಿಗಾಲವನ್ನು ಕಾಯುವ ಅಗತ್ಯ ತಪ್ಪಿತು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹಾನ್ಸೆನ್ ಲಾಗರಿನ ಯೀಸ್ಟನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಿದ. ಚಳಿಯ ನಾಡಿನ ಪಾನೀಯ ಸೆಕೆಯ ನಾಡುಗಳಲ್ಲೂ ತಯಾರಾಗುವಂತಾದದ್ದು ಹೀಗೆ.

ಅಷ್ಟು ದಿನ ಕಾಯುವುದೇಕೆ? ಹುದುಗುವಾಗ ಯೀಸ್ಟ್ ಡೈಅಸಿಟೈಲ್ ಎಂಬ ವಸ್ತುವನ್ನು ಹೊರಹಾಕುತ್ತದೆ. ಅದಕ್ಕೆ ಬೆಣ್ಣೆಯ ವಾಸನೆ. ಬೆಣ್ಣೆ ದೋಸೆಯ ಮೇಲೆ ಹಿತ, ಲಾಗರಿನಲ್ಲಿ ದೋಷ. ಸಮಯ ಕೊಟ್ಟರೆ ಅದೇ ಯೀಸ್ಟ್ ಅದನ್ನು ಮತ್ತೆ ಹೀರಿಕೊಂಡು ಪಾನೀಯವನ್ನು ಶುಚಿಗೊಳಿಸುತ್ತದೆ. ಗೋಧಿಯ ಬಿಯರಿನಲ್ಲಿ ಹಣ್ಣಿನ, ಮಸಾಲೆಯ ಪರಿಮಳಗಳು ಸಣ್ಣ ತಪ್ಪುಗಳನ್ನು ಮುಚ್ಚಿಕೊಳ್ಳಬಹುದು. ಲಾಗರಿನಲ್ಲಿ ಮುಚ್ಚಲು ಏನೂ ಇಲ್ಲ. ಕುಚ್ಚಲಕ್ಕಿ ಗಂಜಿಯಂತೆ, ಅಕ್ಕಿ ಮುಗ್ಗಿದ್ದರೆ ಮೊದಲ ತುತ್ತಿನಲ್ಲೇ ತಿಳಿಯುತ್ತದೆ. ಬೆಂಗಳೂರಿನಲ್ಲಿ 2010ರ ದಶಕದ ಆರಂಭದಿಂದ ತಲೆಯೆತ್ತಿದ ಮೈಕ್ರೋಬ್ರೂವರಿಗಳಿಗೆ ಗೋಧಿಯ ಬಿಯರ್ ಹೆಚ್ಚು ಅನುಕೂಲವೆನಿಸುವುದಕ್ಕೂ ಇದೊಂದು ಕಾರಣ. ಲಾಗರಿಗೆ ಬೇಕಾದ ಕಾಲದಲ್ಲಿ ಅದೇ ತೊಟ್ಟಿಯಲ್ಲಿ ಎರಡು ಬಾರಿ ಗೋಧಿಯ ಬಿಯರ್ ಮಾಡಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. ನಮ್ಮ ಅಂಗಡಿಗಳ ಸಾಮಾನ್ಯ ಬಿಯರೂ ಬಹುಮಟ್ಟಿಗೆ ಲಾಗರೇ. 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳು ಕೂಡಿ ಯುನೈಟೆಡ್ ಬ್ರೂವರೀಸ್ ಆಯಿತು. 1947ರಲ್ಲಿ ನಮ್ಮ ಬಂಟ್ವಾಳದ ಮೂಲದ ವಿಠಲ ಮಲ್ಯರು ಅದರ ನಿರ್ದೇಶಕರಾದರು. 1978ರಲ್ಲಿ ಕಿಂಗ್‌ಫಿಷರ್ ಹೊಸದಾಗಿ ಮಾರುಕಟ್ಟೆಗೆ ಬಂದಿತು. ಆ ಸಂಸ್ಥೆಯ ಹಿಡಿತ 2021ರಲ್ಲಿ ಹಾಲೆಂಡಿನ ಹೈನೆಕೆನ್ ಕೈಸೇರಿತು. ಕೋಟಿಗಟ್ಟಲೆ ಸೀಸೆಗಳಲ್ಲಿ ಒಂದೇ ರುಚಿಯನ್ನು ಕಾಯ್ದುಕೊಳ್ಳುವುದು ಸಾಮಾನ್ಯ ವಿದ್ಯೆಯಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಅಚ್ಚಿನಿಂದ ಒಂದೇ ಅಳತೆಯ ಹಂಚು ಬಂದುದರಿಂದಲೇ ನಮ್ಮ ಮಾಡುಗಳು ಸೋರದೆ ನಿಂತವು. ಕಾರ್ಖಾನೆಯದ್ದೆಂಬ ಒಂದೇ ಕಾರಣಕ್ಕೆ ವಸ್ತುವನ್ನು ಕೀಳೆನ್ನುವುದು ನ್ಯಾಯವಲ್ಲ.

ಹಾಗಾದರೆ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ? ಮೊದಲನೆಯದು ಧಾನ್ಯಕ್ಕೆ. ದೊಡ್ಡ ತಯಾರಕರು ಸಾಮಾನ್ಯವಾಗಿ ಮಾಲ್ಟಿನ ಜೊತೆ ಅಕ್ಕಿ, ಜೋಳ ಅಥವಾ ಸಕ್ಕರೆಯನ್ನು ಬೆರೆಸುತ್ತಾರೆ. ಅದರಿಂದ ಖರ್ಚು ಇಳಿಯುತ್ತದೆ, ಪಾನೀಯವೂ ಹಗುರಾಗುತ್ತದೆ. ಅಕ್ಕಿ ವಿಷವಲ್ಲ; ಮಂಗಳೂರಿನ ಸೆಕೆಗೆ ಹಗುರವಾದದ್ದೇ ಹಿತವೆನ್ನುವವರೂ ಇದ್ದಾರೆ. ಆದರೆ ಪೂರ್ಣ ಮಾಲ್ಟಿನ ಲಾಗರಿನಲ್ಲಿ ಹೊಸ ರೊಟ್ಟಿಯ ಪರಿಮಳ, ಬಾಯಿ ತುಂಬುವ ರುಚಿ, ಹಾಪ್ಸ್ ಹೂವಿನ ಸ್ಪಷ್ಟವಾದ ಕಹಿ ಇರುತ್ತವೆ. ಎರಡನೆಯದು ತಂಪಿಗೆ ಮತ್ತು ಕಾಲಕ್ಕೆ. ವಾರಗಟ್ಟಲೆ ತೊಟ್ಟಿಯನ್ನು ತಂಪಾಗಿಡುವ ವಿದ್ಯುತ್ತು, ಅಷ್ಟು ದಿನ ಸುಮ್ಮನೆ ಕುಳಿತ ಬಂಡವಾಳ, ಇವೆರಡನ್ನೂ ಸಣ್ಣ ತಯಾರಕ ಕೆಲವೇ ಲೀಟರುಗಳ ಮೇಲೆ ಹಂಚಬೇಕು. ಮೂರನೆಯದು ತೆರಿಗೆಗೆ. 2023ರ ಜುಲೈ ಮುಂಗಡಪತ್ರದಲ್ಲಿ ಕರ್ನಾಟಕ ಸರಕಾರ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 175ರಿಂದ 185ಕ್ಕೆ ಏರಿಸಿತು. ಆಮೇಲೆಯೂ ಲೆಕ್ಕ ಬದಲಾಗುತ್ತ ಬಂದಿದೆ. 2023ರ ಆ ದರದಲ್ಲಿ, ತಯಾರಕ ಒಳ್ಳೆಯ ಮಾಲ್ಟಿಗೆಂದು ತನ್ನ ಬೆಲೆಗೆ ಒಂದು ರೂಪಾಯಿ ಸೇರಿಸಿದರೆ ಆ ಸುಂಕವೊಂದರಿಂದಲೇ ಅದು 2 ರೂಪಾಯಿ 85 ಪೈಸೆಯಾಗುತ್ತಿತ್ತು. ಗ್ರಾಹಕ ಕೊಟ್ಟ ಹೆಚ್ಚಿನ ಹಣದಲ್ಲಿ ಬಹುಪಾಲು ಬಾರ್ಲಿಗೆ ಹೋಗದೆ ಬೊಕ್ಕಸಕ್ಕೆ ಹೋಗುತ್ತಿತ್ತು. ನಾಲ್ಕನೆಯದು ಚೀಟಿಗೆ, ಚಿತ್ರಕ್ಕೆ, ಹೆಸರಿಗೆ.

ಮೊದಲ ಎರಡಕ್ಕೆ ಕೊಟ್ಟ ಹಣ ಸಾರ್ಥಕ. ಆದರೆ ಅವುಗಳ ಫಲ ಲೋಟದವರೆಗೆ ಕೆಡದೆ ತಲಪಬೇಕು. ಬಿಯರಿಗೆ ಮೂವರು ಶತ್ರುಗಳು: ಸೆಕೆ, ಬೆಳಕು, ಗಾಳಿ. ಸೋಸದೆ, ಬಿಸಿಮಾಡಿ ಕ್ರಿಮಿಗಳನ್ನು ಕೊಲ್ಲದೆ ಸೀಸೆಗೆ ತುಂಬಿದ ಲಾಗರ್ ಬಹಳ ಸುಕುಮಾರವಾದದ್ದು. ಅದು ಘಟ್ಟವಿಳಿದು ಬಂದು, ಏಪ್ರಿಲ್ ತಿಂಗಳ ಮಂಗಳೂರಿನ ಅಂಗಡಿಯೊಂದರ ಕಪಾಟಿನಲ್ಲಿ ವಾರಗಟ್ಟಲೆ ಬೆಂದರೆ, ತಯಾರಕನ ತಾಳ್ಮೆಯೆಲ್ಲ ವ್ಯರ್ಥ. ಅಂಥ ಸೀಸೆಗಿಂತ ಮೊನ್ನೆ ಮೊನ್ನೆ ತಯಾರಾದ ಸಾಮಾನ್ಯ ಬಿಯರ್ ಎಷ್ಟೋ ಮೇಲು. ಹಸಿರು ಸೀಸೆ ನೋಡಲು ಚೆಂದ. ಬೆಳಕನ್ನು ತಡೆಯುವುದರಲ್ಲಿ ಕಂದು ಸೀಸೆಯೇ ಉತ್ತಮ.

ಕೊಳ್ಳುವವನು ಮೂರು ವಿಷಯ ಕೇಳಿಕೊಂಡರೆ ಸಾಕು. ಇದು ತಯಾರಾದ ತಾರೀಕು ಯಾವುದು? ಅಂದಿನಿಂದ ಇದನ್ನು ತಂಪಿನಲ್ಲಿಟ್ಟಿದ್ದರೆ? ಚೀಟಿಯಲ್ಲಿ ಪದಾರ್ಥಗಳ ಹೆಸರು ಇದೆಯೆ, ಬರಿಯ ಬಣ್ಣನೆ ಇದೆಯೆ? ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಹೆಚ್ಚು ಕೊಡಬಹುದು. ತಯಾರಾದ ಸ್ಥಳದಲ್ಲೇ, ತೊಟ್ಟಿಯ ಪಕ್ಕದಲ್ಲೇ ಕುಳಿತು ಒಂದು ಲೋಟ ಕುಡಿಯುವುದಾದರೆ ನಿಸ್ಸಂದೇಹವಾಗಿ ಕೊಡಬಹುದು. ಉತ್ತರ ದೊರೆಯದಿದ್ದರೆ ಸಾಮಾನ್ಯ ಸೀಸೆಯೇ ಪ್ರಾಮಾಣಿಕವಾದ ವ್ಯಾಪಾರ. ರೂಪಾಯಿಗೆ ಎಷ್ಟು ಅಮಲು ಎಂದು ಎಣಿಸುವವನಿಗಂತೂ ಈ ಲೆಕ್ಕವೇ ಬೇಡ. ನಮ್ಮ ದೇಶದಲ್ಲಿ ಬಹುಪಾಲು ಮಾರಾಟವಾಗುವುದು ‘ಸ್ಟ್ರಾಂಗ್’ ಎಂಬ ಹೆಸರಿನ ಬಿಯರೇ ಆಗಿರುವುದು ಆ ಎಣಿಕೆಯಿಂದ. ಲಾಗರಿನ ಸೂಕ್ಷ್ಮವನ್ನು ಅರಿಯುವುದಕ್ಕೆ ಒಂದೇ ಲೋಟ, ಸ್ವಲ್ಪ ವ್ಯವಧಾನ ಬೇಕು.

ಕೊನೆಯದಾಗಿ ಒಂದು ಮಾತು. ಕೈಕೆಲಸದ್ದೆಂಬ ಹೆಸರಿಗೆ ಪೇಟೆಯಲ್ಲಿ ಸಂತೋಷದಿಂದ ಹಣ ತೆರುವ ನಾವು, ಬೆಳಗ್ಗೆ ಸಂಜೆ ಮರವೇರಿ ಇಳಿಯುವ ಮೂರ್ತೆದಾರನೊಡನೆ ಚೌಕಾಸಿ ಮಾಡುತ್ತೇವೆ. ಅವನ ಕಳ್ಳಿಗೆ ಚೀಟಿಯಿಲ್ಲ, ಬಣ್ಣನೆಯಿಲ್ಲ. ಆದರೆ ಅವನಷ್ಟು ಪ್ರಾಣವನ್ನು ಪಣಕ್ಕಿಟ್ಟು ಮಾಡುವ ಕೈಕೆಲಸ ಯಾವ ತೊಟ್ಟಿಯ ಬಳಿಯೂ ಇಲ್ಲ. ದುಡಿಮೆಗೆ ಬೆಲೆ ಕೊಡುವ ಮನಸ್ಸು ನಿಜವಾಗಿ ನಮ್ಮಲ್ಲಿದ್ದರೆ ಅದು ಹವಾನಿಯಂತ್ರಿತ ಕೊಠಡಿಗಳಲ್ಲಿ ಮಾತ್ರವಲ್ಲ, ತಾಳೆಮರದ ಬುಡದಲ್ಲೂ ಕಾಣಿಸಿಕೊಳ್ಳಬೇಕು.