ಬಾಲ್ಕನಿಗೂ ಬರುತ್ತದೆ ರೈಲು

ಹೊರಾಂಗಣದಲ್ಲಿ ಮಾದರಿ ರೈಲು ಓಡಿಸುವ ಆಸೆಯಿದ್ದವರು ಸಾಮಾನ್ಯವಾಗಿ ಮೊದಲು ಎಂಜಿನ್ ಕೊಳ್ಳುತ್ತಾರೆ. ಜಾಗ ಚಿಕ್ಕದಿದ್ದರೆ ಹಾಗೆ ಮಾಡಬೇಡಿ. ಮೊದಲು ಟೇಪು ಹಿಡಿದು ಅಗಲ ಅಳೆಯಿರಿ. ಹಳಿ ಎಷ್ಟು ಬಿಗಿಯಾಗಿ ತಿರುಗಬೇಕು ಎಂಬುದು ಗೊತ್ತಾದ ಮೇಲೆ, ಆ ತಿರುವಿನಲ್ಲಿ ಓಡುವ ಎಂಜಿನ್ ಯಾವುದೆಂದು ಹುಡುಕಿದರಾಯಿತು.

ಜರ್ಮನಿಯ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ 1968ರಲ್ಲಿ ‘ಎಲ್‌ಜಿಬಿ’ ಹೆಸರಿನಲ್ಲಿ ಮಳೆ–ಬಿಸಿಲಿಗೆ ಜಗ್ಗದ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ತೋಟದ ರೈಲಿನ ಹವ್ಯಾಸ ಇಂದಿನ ರೂಪಕ್ಕೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಈ ಹಳಿಗಳ ನಡುವಿನ ಅಂತರ 45 ಮಿಲಿಮೀಟರ್, ಮಾದರಿಯ ಅನುಪಾತ 1:22.5. ಗುಣಿಸಿ ನೋಡಿದರೆ ಸಿಗುವುದು ಮೀಟರ್ ಗೇಜ್. ನಮ್ಮ ಬೆಂಗಳೂರು–ಮೈಸೂರು ಮಾರ್ಗದಲ್ಲಿ ದಶಕಗಳ ಕಾಲ ಇದ್ದದ್ದು, ನೀಲಗಿರಿ ರೈಲಿಗೆ ಈಗಲೂ ಇರುವುದು ಅದೇ ಗೇಜ್. ಚಿಕ್ಕ ಜಾಗಕ್ಕೆ ಇದು ವರವೇ ಸರಿ. ಬೆಟ್ಟ ಹತ್ತುವ ಕಿರಿಯ ಗೇಜಿನ ರೈಲುಗಳು ನಿಜಕ್ಕೂ ಪುಟ್ಟ ಎಂಜಿನ್, ಎರಡು–ಮೂರು ಬೋಗಿ ಕಟ್ಟಿಕೊಂಡು ಬಿಗಿ ತಿರುವುಗಳಲ್ಲೇ ಓಡುತ್ತಿದ್ದವು. ಹಾಗಾಗಿ ಮಾದರಿಯಲ್ಲಿ ಬಿಗಿ ತಿರುವು ಕೊಟ್ಟರೂ ಅದು ಕಣ್ಣಿಗೆ ಕೃತಕವೆನಿಸುವುದಿಲ್ಲ.

ಎಲ್‌ಜಿಬಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ 60 ಸೆಂಟಿಮೀಟರ್. ಅಂಥ 12 ತುಂಡು ಸೇರಿದರೆ ಒಂದು ಸುತ್ತು. ಬೋಗಿಗಳ ಮೂಲೆ ಹೊರಚಾಚುವುದಕ್ಕೂ ಜಾಗ ಬಿಟ್ಟರೆ ಒಂದೂವರೆ ಮೀಟರ್ ಅಗಲ ಬೇಕು. ನಾಲ್ಕಡಿ ಬಾಲ್ಕನಿಯಲ್ಲಿ ಅದು ಆಗುವುದಿಲ್ಲ.

ಆಗ ಸುತ್ತಿನ ಆಸೆ ಬಿಟ್ಟು, ಗೋಡೆಗುಂಟ ಒಂದಡಿ ಅಗಲದ ಹಲಗೆಯ ಮೇಲೆ ನೇರ ಹಳಿ ಹಾಕಿ. ರೈಲು ಈ ತುದಿಯಿಂದ ಆ ತುದಿಗೆ ಹೋಗಿ, ನಿಂತು, ತಾನೇ ಮರಳಿ ಬರುತ್ತದೆ. ಇದರ ಗುಟ್ಟು ಒಂದು ಪುಟ್ಟ ಡಯೋಡ್. ಹಳಿಯಲ್ಲಿ ಹರಿಯುವುದು ಡಿಸಿ ವಿದ್ಯುತ್. ಅದರ ಧನ–ಋಣ ಅದಲುಬದಲಾದರೆ ರೈಲಿನ ದಿಕ್ಕೂ ಬದಲಾಗುತ್ತದೆ. ಪ್ರತಿ ತುದಿಯಲ್ಲೂ, ಎಂಜಿನ್‌ಗಿಂತ ತುಸು ಉದ್ದದ ಭಾಗ ಬಿಟ್ಟು, ಎರಡರಲ್ಲಿ ಒಂದು ಹಳಿಯ ಸಂಪರ್ಕ ಕತ್ತರಿಸಿ ಆ ಕಡಿತದ ಮೇಲೆ ಡಯೋಡ್ ಬೆಸೆಯಬೇಕು. ಡಯೋಡ್ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಎಂಜಿನ್ ಆ ಭಾಗಕ್ಕೆ ಪೂರ್ತಿ ಬಂದೊಡನೆ ವಿದ್ಯುತ್ ನಿಲ್ಲುತ್ತದೆ, ರೈಲೂ ನಿಲ್ಲುತ್ತದೆ. ಸ್ವಲ್ಪ ಹೊತ್ತಿನ ಮೇಲೆ, ಹಳಿಗೆ ವಿದ್ಯುತ್ ಕೊಡುವಲ್ಲಿ ಜೋಡಿಸಿದ ಟೈಮರ್ ಧನ–ಋಣ ಬದಲಿಸಿದಾಗ ಅದೇ ಡಯೋಡ್ ದಾರಿ ತೆರೆಯುತ್ತದೆ, ರೈಲು ಹಿಂದಕ್ಕೆ ಹೊರಡುತ್ತದೆ. ಡಯೋಡನ್ನು ತಿರುಗಿಸಿ ಹಾಕಿದ್ದರೆ ರೈಲು ತುದಿಯಲ್ಲಿ ನಿಲ್ಲದೆ ಮುಂದೆ ಹೋಗಿಬಿಡುತ್ತದೆ. ಮೊದಲ ಪರೀಕ್ಷೆಯಲ್ಲಿ ಕೈ ಅಡ್ಡ ಹಿಡಿದಿರಿ.

ತಾರಸಿಯಾದರೆ ಸುತ್ತು ಹಾಕಲು ಜಾಗವಿರುತ್ತದೆ, ಆದರೆ ಬಿಸಿಲಿನ ಕಾಟ. 10 ಮೀಟರ್ ಹಿತ್ತಾಳೆ ಹಳಿ 30 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 6 ಮಿಲಿಮೀಟರ್ ಹಿಗ್ಗುತ್ತದೆ. ಹಳಿಯನ್ನು ಅಲ್ಲಲ್ಲಿ ಮೊಳೆ ಹೊಡೆದು ಬಿಗಿದರೆ ಹಿಗ್ಗಲು ಜಾಗವಿಲ್ಲದೆ ಸೊಟ್ಟಗಾಗುತ್ತದೆ. ಜಲ್ಲಿಯ ಮೇಲೆ ಸಡಿಲವಾಗಿ ಕೂರಿಸುವುದೇ ಸರಿ. ಆ ಜಲ್ಲಿ ಮೂಲೆಮೂಲೆಯಾಗಿ ಒಡೆದದ್ದಿರಲಿ. ದುಂಡು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳದೆ ಜಾರುತ್ತದೆ. ತಾರಸಿಗೆ ಮಾತ್ರ ರಂಧ್ರ ಕೊರೆಯಲೇಬೇಡಿ, ಮಳೆಗಾಲದಲ್ಲಿ ಕೆಳಗಿನ ಕೋಣೆ ಸೋರುತ್ತದೆ. ಕಾಲುಗಳಿರುವ ಚೌಕಟ್ಟಿನ ಮೇಲೆ ಹಳಿ ಇಟ್ಟರೆ ನೀರು ಅಡಿಯಿಂದ ಸಲೀಸಾಗಿ ಹರಿದುಹೋಗುತ್ತದೆ.

ಹಿತ್ತಾಳೆಯ ಮೇಲೆ ಕಪ್ಪು ಕಟ್ಟಿದರೆ ವಿದ್ಯುತ್ ಸರಿಯಾಗಿ ಹರಿಯದು, ಆಗಾಗ ಉಜ್ಜಬೇಕು. ಇದು ಬೇಸರವೆನಿಸುವವರು ಎಂಜಿನ್ನಿನೊಳಗೇ ಬ್ಯಾಟರಿ ಇಟ್ಟು ರಿಮೋಟಿನಿಂದ ಓಡಿಸಬಹುದು. ಮರಗಳ ಕೆಳಗೆ ಹಳಿ ಹಾಕುವವರಿಗಂತೂ ಅದೇ ಉತ್ತಮ.

ಪಕ್ಕದಲ್ಲಿ ಗಿಡ ನೆಡುವಾಗಲೂ ಅನುಪಾತ ಮರೆಯಬೇಡಿ. ಎರಡು ಸೆಂಟಿಮೀಟರ್ ಎಲೆ ಆ ಪುಟ್ಟ ಲೋಕದಲ್ಲಿ 45 ಸೆಂಟಿಮೀಟರ್ ಆಗುತ್ತದೆ! ಎಲೆ ಆದಷ್ಟು ಚಿಕ್ಕದಿರುವ, ಕತ್ತರಿಸಿದರೆ ತಡೆದುಕೊಳ್ಳುವ ಗಿಡಗಳನ್ನೇ ಆರಿಸಿ.

ಬ್ಯಾಟರಿಯ ಬದಲು ಹಳಿಯ ವಿದ್ಯುತ್ತಿನಿಂದಲೇ ಓಡಿಸುವುದಾದರೆ, ಮನೆಯ 230 ವೋಲ್ಟ್ ವಿದ್ಯುತ್ತನ್ನು ಹೊರಗೆ ಎಳೆಯಬೇಡಿ. ಟ್ರಾನ್ಸ್‌ಫಾರ್ಮರ್ ಒಳಗೇ ಇರಲಿ, ಹಳಿಗೆ ಹೋಗುವುದು ಕಡಿಮೆ ವೋಲ್ಟೇಜಿನ ಎರಡು ತಂತಿ ಮಾತ್ರ.