ಹಿಡಿ ಅದೇ, ಅಮಲು ಬೇರೆ: ಮನೆಯಲ್ಲಿ ಮಾಡಿದ ಭಂಗಿಯ ಬಗ್ಗೆ ತಿಳಿಯಬೇಕಾದ ಸಂಗತಿ

ಶಿವರಾತ್ರಿಯ ಜಾಗರಣೆಯಲ್ಲಿ, ಹೋಳಿ ಹುಣ್ಣಿಮೆಯ ಬಣ್ಣದಾಟದಲ್ಲಿ ಭಂಗಿ ಸೇವಿಸಿ ಅಸ್ವಸ್ಥರಾದವರ ಬಗ್ಗೆ ಮನೆಯವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಹೋದ ವರ್ಷವೂ ಇಷ್ಟೇ ಕುಡಿದಿದ್ದ, ಏನೂ ಆಗಿರಲಿಲ್ಲ." ಈ ಮಾತು ಸುಳ್ಳಿರಲಾರದು. ಲೋಟ ಅದೇ ಇರಬಹುದು, ಹಾಕಿದ ಸೊಪ್ಪೂ ಅಷ್ಟೇ ಇರಬಹುದು. ಆದರೆ ಅದರೊಳಗಿನ ಅಮಲು ಅಷ್ಟೇ ಇರುವುದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ರೋಗಿಗಳೂ ಅವರ ಮನೆಯವರೂ ಇದರ ಕಾರಣವನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಮೊದಲು ಗಿಡದ ವಿಷಯ. ಅಮಲು ಬರಿಸುವ ಮುಖ್ಯ ಅಂಶಕ್ಕೆ ಟಿ.ಎಚ್.ಸಿ. ಎಂದು ಹೆಸರು. ಇಸ್ರೇಲಿನ ವಿಜ್ಞಾನಿಗಳು 1964ರಲ್ಲಿ ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಇದು ಗಿಡದ ತುಂಬ ಸಮನಾಗಿ ಹರಡಿರುವುದಿಲ್ಲ. ಹೆಣ್ಣು ಗಿಡದ ಹೂಗೊಂಚಲಿನ ಅಂಟಿನಲ್ಲಿ ಬಹಳ, ಅಗಲವಾದ ಎಲೆಯಲ್ಲಿ ಕಡಿಮೆ, ದಂಟಿನಲ್ಲಿ ಅತ್ಯಲ್ಪ. 1985ರ ಮಾದಕ ದ್ರವ್ಯ ಕಾಯ್ದೆಯು ಹೂಗೊಂಚಲನ್ನು ಗಾಂಜಾ ಎಂದು ಕರೆದು, ಹೂವಿಲ್ಲದ ಬರಿ ಎಲೆಯನ್ನು ಆ ವ್ಯಾಖ್ಯೆಯ ಹೊರಗಿಟ್ಟಿದೆ. ಕರ್ನಾಟಕ ಹೈಕೋರ್ಟ್ ಸಹ 2022ರ ಒಂದು ಜಾಮೀನು ಪ್ರಕರಣದಲ್ಲಿ ಈ ಭೇದವನ್ನು ಎತ್ತಿ ಹೇಳಿತು. ಇದನ್ನು ಕೇಳಿದ ಕೆಲವರು ಎಲೆಯಿಂದ ಏನೂ ಆಗುವುದಿಲ್ಲ ಎಂದು ಭಾವಿಸುತ್ತಾರೆ. ಕಾಯ್ದೆಯಲ್ಲಿ ಎಲೆ ಬೇರೆ, ಹೂವು ಬೇರೆ. ಒರಳಿಗೆ ಬೀಳುವ ಹಿಡಿಯಲ್ಲಿ ಎರಡೂ ಕೂಡಿರಬಹುದು.

ಲೆಕ್ಕ ಹಾಕಿ ನೋಡಿ. ನೂರಕ್ಕೆ 1 ಪಾಲು ಟಿ.ಎಚ್.ಸಿ. ಇರುವ ಒಣ ಎಲೆ 1 ಗ್ರಾಂ ಎಂದರೆ 10 ಮಿಲಿಗ್ರಾಂ. ನೂರಕ್ಕೆ 10 ಪಾಲು ಇರುವ ಹೂವು ಅಷ್ಟೇ ತೂಕವಿದ್ದರೆ 100 ಮಿಲಿಗ್ರಾಂ. ಕಣ್ಣಿಗೆ ಎರಡೂ ಒಂದು ಚಿಟಿಕೆ ಹಸಿರು ಪುಡಿ. ಇಂಥ ತಿನಿಸುಗಳ ಮಾರಾಟಕ್ಕೆ ಅನುಮತಿ ಇರುವ ಕೆನಡಾ ದೇಶದಲ್ಲಿ 2019ರಿಂದ ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ರೂಢಿ ಇಲ್ಲದವರಿಗೆ ಅದರಲ್ಲಿ ಅರ್ಧವೇ ಸಾಕಾಗುತ್ತದೆ.

ಎರಡನೆಯದು ಕಾವು. ಹಸಿ ಗಿಡದಲ್ಲಿ ಈ ಅಂಶ ಬಹುಪಾಲು ಆಮ್ಲ ರೂಪದಲ್ಲಿರುತ್ತದೆ. ಆ ರೂಪಕ್ಕೆ ಅಮಲಿಲ್ಲ. ಕಾಯಿಸಿದಾಗ ಅದು ಟಿ.ಎಚ್.ಸಿ. ಆಗಿ ಬದಲಾಗುತ್ತದೆ. ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣದ ಪುಡಿ ಅದೇ ಇದ್ದರೂ ನೀರಿನ ಕಾವು, ಕುದಿಸಿದ ಹೊತ್ತು ಬದಲಾದರೆ ನೂಲು ಹಿಡಿಯುವ ಬಣ್ಣ ಬದಲಾಗುತ್ತದೆ. ಒಂದು ವರ್ಷ ಸೊಪ್ಪನ್ನು ತೊಳೆದು ಅರೆದು ಹಾಲಿಗೆ ಹಾಗೆಯೇ ಕಲಸಿರುತ್ತಾರೆ. ಮರುವರ್ಷ ಅದೇ ಹಿಡಿಯನ್ನು ತುಪ್ಪದಲ್ಲಿ ಹುರಿದು ಉಂಡಿ ಕಟ್ಟುತ್ತಾರೆ. ಎರಡರ ಬಲದಲ್ಲಿ ಅಜಗಜಾಂತರ. ಇದಲ್ಲದೆ ಬಹಳ ದಿನ ಡಬ್ಬಿಯಲ್ಲಿಟ್ಟ ಸೊಪ್ಪು ಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ಹಳೆಯ ಸೊಪ್ಪಿಗೆ ಹೊಂದಿಕೊಂಡ ಕೈ ಹೊಸ ಸೊಪ್ಪನ್ನೂ ಅದೇ ಅಳತೆಯಲ್ಲಿ ಹಾಕಿದಾಗ ತೊಂದರೆ ಆಗುತ್ತದೆ.

ಇನ್ನು ಕಲಸುವ ವಿಷಯ. ಬೆಲ್ಲ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಪಾನಕದ ಮೊದಲ ಲೋಟವೂ ಕೊನೆಯ ಲೋಟವೂ ಒಂದೇ ಸಿಹಿ. ಭಂಗಿಯ ಅಂಶ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಹಾಲಿನಲ್ಲಿ ಅದು ಕೆನೆಯ ಜೊತೆ ಹೋಗುತ್ತದೆ, ಅರೆದ ಸೊಪ್ಪು ತಳಕ್ಕೆ ಇಳಿಯುತ್ತದೆ. ಬೋಗುಣಿಯ ಮೇಲಿನ ತೆಳು ಹಾಲು ಕುಡಿದವನು ಆರಾಮಾಗಿರುತ್ತಾನೆ, ತಳದ ಗಸಿ ಕುಡಿದವನು ಮಲಗಿಬಿಡುತ್ತಾನೆ. ಉಂಡಿಯಲ್ಲಿಯೂ ಹೀಗೆಯೇ. ಹುರಿದ ಸೊಪ್ಪು ಒಂದು ಕಡೆ ಗಂಟಾಗಿದ್ದರೆ ಒಂದೇ ತಾಟಿನ ಎರಡು ಉಂಡಿಗಳು ಒಂದೇ ಆಗಿರುವುದಿಲ್ಲ. ಇದು ಮಾಡಿದವರ ಅಜಾಗರೂಕತೆಯಲ್ಲ. ಎಷ್ಟೇ ಅನುಭವಿಯಾದರೂ ಅಡುಗೆಮನೆಯಲ್ಲಿ ಇದನ್ನು ಅಳೆಯುವ ಉಪಾಯವಿಲ್ಲ.

ಕೊನೆಗೆ ನಮ್ಮ ಹೊಟ್ಟೆ. ಸೇದಿದ್ದು ಕೆಲವೇ ನಿಮಿಷಗಳಲ್ಲಿ ತಲೆಗೇರುತ್ತದೆ. ತಿಂದದ್ದು ಕರುಳು, ಯಕೃತ್ತುಗಳನ್ನು ದಾಟಿ ಬರಬೇಕು, ಅರ್ಧ ಗಂಟೆಯಿಂದ 2 ಗಂಟೆ ಹಿಡಿಯುತ್ತದೆ. ಹೋಳಿಗೆ ತುಪ್ಪದ ಊಟ ಆಗಿದ್ದರೆ ಇನ್ನೂ ತಡ. ಯಕೃತ್ತಿನಲ್ಲಿ ಅದರ ಒಂದು ಭಾಗ ಅಷ್ಟೇ ಪ್ರಬಲವಾದ ಬೇರೊಂದು ವಸ್ತುವಾಗಿ ಮಾರ್ಪಟ್ಟು ಮಿದುಳನ್ನು ಸೇರುತ್ತದೆ. ಆದ್ದರಿಂದ ಅಮಲು ತಡವಾಗಿ ಬಂದು 6-8 ಗಂಟೆ, ಕೆಲವರಿಗೆ ಮರುದಿನದವರೆಗೂ ಇರುತ್ತದೆ. "ಏನೂ ಹತ್ತಲಿಲ್ಲ" ಎಂದು ಒಂದು ಗಂಟೆಯೊಳಗೆ ಎರಡನೆಯ ಲೋಟ ಎತ್ತುವುದೇ ಅನಾಹುತದ ಮೂಲ. ಆಮೇಲೆ ಎರಡೂ ಕೂಡಿ ಏರುತ್ತವೆ. ಮರುದಿನ ಬೆಳಿಗ್ಗೆ ತಲೆ ಭಾರವಿದ್ದರೆ ಪಾವರ್‌ಲೂಮ್ ಮುಂದೆ ನಿಲ್ಲಬೇಡಿ, ಕಬ್ಬಿನ ಟ್ರ್ಯಾಕ್ಟರ್ ಹತ್ತಬೇಡಿ.

ಹೃದಯದ ತೊಂದರೆ ಇರುವವರಿಗೆ ಎದೆಬಡಿತ ಏರುವುದೇ ಅಪಾಯಕಾರಿ. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಇದನ್ನು ಮುಟ್ಟಲೇಬಾರದು. ಸಕ್ಕರೆ ಕಾಯಿಲೆಯವರು ಮಂಕಾಗಿ ಬಿದ್ದರೆ ಅಮಲೇ ಎಂದು ಸುಮ್ಮನಿರಬೇಡಿ, ಸಕ್ಕರೆ ಇಳಿದಿರಲೂಬಹುದು.

ಮಕ್ಕಳ ವಿಷಯ ಇನ್ನೂ ಗಂಭೀರ. ಅವರಿಗೆ ಅದು ಸಿಹಿ ಉಂಡಿ, ಅಷ್ಟೇ. ಹಬ್ಬ ಮುಗಿದ ಮೇಲೆ ಗೂಡಿನಲ್ಲಿ ಉಳಿದ ಒಂದು ಉಂಡಿಯಿಂದ ಸಣ್ಣ ಮಗು ಎಚ್ಚರ ತಪ್ಪಬಹುದು, ಉಸಿರಾಟವೇ ನಿಧಾನವಾಗಬಹುದು. ಮಗು ತಿಂದಿದೆ ಎಂಬ ಸಂಶಯ ಬಂದರೂ ಸಾಕು, ಲಕ್ಷಣಕ್ಕೆ ಕಾಯದೆ ಕರೆತನ್ನಿ. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ದೊಡ್ಡವರಿಗೆ ವಿಪರೀತ ಹೆದರಿಕೆ, ತಲೆಸುತ್ತು, ಮೇಲಿಂದ ಮೇಲೆ ವಾಂತಿ, ಎದೆನೋವು ಬಂದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ತಡಮಾಡಬೇಡಿ. ಮಗ್ಗುಲಾಗಿ ಮಲಗಿಸಿ. ಲಿಂಬೆರಸ, ಉಪ್ಪಿನಕಾಯಿ, ಮಜ್ಜಿಗೆ ಕೊಡುವ ರೂಢಿ ಇದೆ. ರಕ್ತ ಸೇರಿದ ಅಮಲನ್ನು ಇವು ತೆಗೆಯಲಾರವು. ಅರೆ ಎಚ್ಚರದಲ್ಲಿರುವವರ ಬಾಯಿಗೆ ಹಾಕಿದರೆ ಶ್ವಾಸನಾಳಕ್ಕೆ ಇಳಿಯುತ್ತವೆ. ಬೆರಳು ಹಾಕಿ ವಾಂತಿ ಮಾಡಿಸುವುದೂ ಬೇಡ. ಮೈ ಸುಡುತ್ತಿದ್ದು, ಬಾಯಿ ಒಣಗಿ, ಕಣ್ಣಿನ ಪಾಪೆ ದೊಡ್ಡದಾಗಿ, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಿದ್ದರೆ ದತ್ತೂರಿ ಬೀಜ ಬೆರೆತಿರುವ ಸಂಶಯ ಪಡಬೇಕು. ಅದರ ಚಿಕಿತ್ಸೆಯೇ ಬೇರೆ.

ನಾಚಿಕೆಯಿಂದ "ಊಟ ಹೆಚ್ಚುಕಡಿಮೆ ಆಯಿತು" ಎಂದಷ್ಟೇ ಹೇಳಿದರೆ ವೈದ್ಯರು ಲಕ್ವ, ಮಿದುಳು ಜ್ವರ ಎಂದು ಬೇರೆ ದಾರಿಯಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ. ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು, ಎರಡನೆಯ ಸಲ ತಿಂದರೇ, ಜೊತೆಗೆ ಸಾರಾಯಿ ಅಥವಾ ನಿದ್ರೆ ಗುಳಿಗೆ ಇತ್ತೇ ಎಂಬುದನ್ನು ಇದ್ದಂತೆ ತಿಳಿಸಿ. ಉಳಿದ ಉಂಡಿಯನ್ನೋ ಹಾಲನ್ನೋ ಚೆಲ್ಲದೆ ಒಂದು ಡಬ್ಬಿಯಲ್ಲಿ ತೆಗೆದುಕೊಂಡು ಬನ್ನಿ. ಅದೇ ಪಂಕ್ತಿಯಲ್ಲಿ ತಿಂದ ಉಳಿದವರು ಹೇಗಿದ್ದಾರೆಂದು ಮನೆಗೆ ಫೋನ್ ಮಾಡಿ ಕೇಳಿ.