ಫ್ಲ್ಯಾಟಿನ ಮನೆಗೆ ಬಂದ ಮರಗಪ್ಪೆ

ಕಪ್ಪೆಯೆಂದರೆ ನಮ್ಮವರಿಗೆ ಮಳೆಯ ನೆನಪು. ಮಳೆ ಕೈಕೊಟ್ಟಾಗ ಕಪ್ಪೆಗಳಿಗೆ ಮದುವೆ ಮಾಡಿಸುವ ಪದ್ಧತಿ ಕರ್ನಾಟಕದ ಹಲವೆಡೆ ಇದೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿಯೂ ಇಂತಹ 'ಮಂಡೂಕ ಪರಿಣಯ' ನೆರವೇರಿತ್ತು. ಆದರೆ ಅದನ್ನು ಬೆಕ್ಕಿನಂತೆ, ಬಣ್ಣದ ಮೀನಿನಂತೆ ಮನೆಯೊಳಗೆ ಸಾಕುವುದು ನಮ್ಮ ತಲೆಮಾರಿಗೆ ವಿಚಿತ್ರವೆನಿಸುವ ಸಂಗತಿ. ನಮಗೂ ಹಾಗೆಯೇ ಅನಿಸಿತ್ತು. ಮಗನ ಗೆಳೆಯನೊಬ್ಬ ವಿದೇಶಕ್ಕೆ ಹೊರಟಾಗ ತನ್ನ ಎರಡು ಮರಗಪ್ಪೆಗಳನ್ನು ನಮ್ಮಲ್ಲಿ ಬಿಟ್ಟುಹೋದನು. ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಅವುಗಳನ್ನು ನೋಡಿಕೊಂಡು ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಇವು ಆಸ್ಟ್ರೇಲಿಯ ಮತ್ತು ನ್ಯೂಗಿನಿ ಮೂಲದ ಹಸಿರು ಮರಗಪ್ಪೆಗಳು. ಜಾನ್ ವೈಟ್ ಎಂಬ ಶಸ್ತ್ರವೈದ್ಯರ ಪ್ರವಾಸಗ್ರಂಥದಲ್ಲಿ 1790ರಲ್ಲಿ ಮೊದಲ ಬಾರಿಗೆ ವರ್ಣಿತವಾದುದರಿಂದ 'ವೈಟ್ಸ್ ಟ್ರೀ ಫ್ರಾಗ್' ಎಂದೂ ಕರೆಯುತ್ತಾರೆ. ಸಂರಕ್ಷಣೆಗೆ ಬಳಸಿದ ದ್ರವದಿಂದ ಮಾದರಿ ಕಪ್ಪೆಯ ಹಳದಿ ಅಂಶ ಕರಗಿ ಅದು ನೀಲಿಯಾಗಿ ಕಂಡಿತು. ಹಾಗಾಗಿ ಈ ಹಸಿರು ಜೀವಿಗೆ ಇಂದಿಗೂ ಶಾಸ್ತ್ರೀಯವಾಗಿ 'ನೀಲಿ' ಎಂಬರ್ಥದ ಹೆಸರೇ ಉಳಿದಿದೆ!

ಮುಖ್ಯವಾಗಿ ತಿಳಿಯಬೇಕಾದುದು ಚರ್ಮದ ವಿಚಾರ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ಉಸಿರಾಟದ ಒಂದು ಭಾಗವೂ ಚರ್ಮದ ಮೂಲಕವೇ. ಆದ್ದರಿಂದ ಸುತ್ತಲಿನ ಗಾಳಿ, ನೀರುಗಳಲ್ಲಿ ಇರುವುದೆಲ್ಲ ಅದರ ಮೈಗಿಳಿಯುತ್ತದೆ. ನಲ್ಲಿಯ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಆದರೆ ಕ್ಲೋರಮೈನ್ ಹೋಗದು. ಮೀನಿನ ಅಂಗಡಿಗಳಲ್ಲಿ ದೊರೆಯುವ ನೀರು ಶುದ್ಧಿಯ ದ್ರವವನ್ನು ಬೆರೆಸುವುದೇ ಕ್ಷೇಮ. ಲವಣಗಳಿಲ್ಲದ ಬಟ್ಟಿ ಇಳಿಸಿದ ನೀರೂ ಒಳ್ಳೆಯದಲ್ಲ. ಕಪ್ಪೆಯನ್ನು ಅನಗತ್ಯವಾಗಿ ಮುಟ್ಟಬಾರದು. ಮುಟ್ಟಲೇಬೇಕಾದರೆ ಸಾಬೂನಿನ ಅಂಶವಿಲ್ಲದ ಒದ್ದೆ ಕೈಯಿಂದ ಮುಟ್ಟಿ, ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ಸಾಲ್ಮೊನೆಲ್ಲಾ ರೋಗಾಣು ಕಪ್ಪೆಗಳಲ್ಲಿ ಇರಬಹುದು. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು.

ಈ ಪಾಠವನ್ನು ನಾವು ಒಂದು ಜೀವವನ್ನು ಕಳೆದುಕೊಂಡು ಕಲಿತೆವು. ಮನೆಗೆ ಜಿರಳೆ ಔಷಧ ಸಿಂಪಡಿಸುವ ದಿನ ಪೆಟ್ಟಿಗೆಯನ್ನು ಬಾಲ್ಕನಿಗೆ ಸಾಗಿಸಿದ್ದೆವು. ಮರುಸಂಜೆ ವಾಸನೆ ಹೋಯಿತೆಂದು ಒಳಗೆ ತಂದೆವು. ಮೂರನೆಯ ದಿನ ಚಿಕ್ಕ ಕಪ್ಪೆ ಕಾಲು ಚಾಚಿ ಬಿದ್ದಿತ್ತು. ವಾಸನೆ ಹೋದರೆ ವಿಷವೂ ಹೋಯಿತೆಂದು ಭಾವಿಸಿದ್ದು ನಮ್ಮದೇ ತಪ್ಪು. ಅಂದಿನಿಂದ ಆ ಕೋಣೆಯಲ್ಲಿ ಸೊಳ್ಳೆಬತ್ತಿಯಿಲ್ಲ, ಅಗರಬತ್ತಿಯೂ ಇಲ್ಲ. ದೇವರ ಪೂಜೆಗೂ ಎಣ್ಣೆಯ ದೀಪವಷ್ಟೇ.

ವಾಸಕ್ಕೆ ಅಗಲಕ್ಕಿಂತ ಎತ್ತರ ಮುಖ್ಯ. ಸುಮಾರು ಒಂದೂವರೆ ಅಡಿ ಉದ್ದಗಲ, ಎರಡು ಅಡಿ ಎತ್ತರದ, ಗಾಳಿಯಾಡುವ ಮುಚ್ಚಳದ ಗಾಜಿನ ಪೆಟ್ಟಿಗೆ ಎರಡು ಕಪ್ಪೆಗಳಿಗೆ ಸಾಕು. ತಳಕ್ಕೆ ತೆಂಗಿನ ನಾರಿನ ಪುಡಿ ಹರಡಬೇಕು. ಸಣ್ಣ ಕಲ್ಲುಗಳು ಬೇಡ, ಹುಳುವಿನೊಂದಿಗೆ ನುಂಗಿಬಿಡುತ್ತವೆ. ಏರಲು ದಪ್ಪ ಕೊಂಬೆಗಳಿರಲಿ. ಹಗಲಿನ ಉಷ್ಣತೆ 24ರಿಂದ 29 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ಮುಂಬಯಿ, ಚೆನ್ನೈಗಳಲ್ಲಿ ತೇವಾಂಶದ ಕೊರತೆಯಿಲ್ಲ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕಾದುದೇ ದೊಡ್ಡ ಕೆಲಸ. ದಿಲ್ಲಿಯವರಿಗೆ ಮೇ ತಿಂಗಳ ಬಿಸಿಲು, ಜನವರಿಯ ಚಳಿ ಎರಡೂ ಕಷ್ಟವೇ.

ಆಹಾರ ಜೀವಂತ ಹುಳುಗಳು: ಚಿಮ್ಮಂಡೆ, ಸಾಕಿದ ಜಿರಳೆ. ಮನೆಯ ಮೂಲೆಯಲ್ಲಿ ಸಿಕ್ಕ ಜಿರಳೆಯನ್ನು ಕೊಡಬಾರದು. ಅದು ಯಾವ ಮನೆಯ ಔಷಧ ತಿಂದು ಬಂದಿದೆಯೋ! ಹುಳು ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಕ್ಯಾಲ್ಸಿಯಂ ಪುಡಿ ಲೇಪಿಸಿ ಕೊಡದಿದ್ದರೆ ಮೂಳೆಗಳು ಮೆತ್ತಗಾಗುತ್ತವೆ. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಮೂರು ಸಲ ಉಣಿಸಿದರೆ ಸಾಕು. ಇದು ಹೊಟ್ಟೆಬಾಕ ಪ್ರಾಣಿ. ಕಿವಿಯ ಮೇಲಿನ ಚರ್ಮದ ಮಡಿಕೆ ಜೋತುಬಿದ್ದು ಕಿವಿಯನ್ನು ಮುಚ್ಚಿದರೆ ಬೊಜ್ಜು ಬಂದಿದೆಯೆಂದೇ ಅರ್ಥ. ಅತ್ತೆಯವರು ಪ್ರೀತಿಯಿಂದ ದಿನವೂ ಹುಳು ಹಾಕಿ ನಮ್ಮ ಕಪ್ಪೆಗೆ ಆ ಗತಿ ತಂದಿದ್ದರು.

ಕೊಳ್ಳುವವರು ಮಾರಾಟಗಾರರಿಂದ ಲಿಖಿತ ರಸೀದಿ ಪಡೆಯಲೇಬೇಕು. ಅಂತರ್ಜಾಲದ ಚಿತ್ರಗಳಲ್ಲಿ ಮೆರೆಯುವ ಕೆಂಪುಕಣ್ಣಿನ ಮರಗಪ್ಪೆ 2010ರಿಂದ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ಅಂತಹ ಜೀವಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಸರಕಾರದಲ್ಲಿ ನೋಂದಾಯಿಸಬೇಕು. ಊರಿನ ಬಚ್ಚಲಿಗೆ ತಾನಾಗಿ ಬರುವ ನಮ್ಮ ಮರಗಪ್ಪೆಯನ್ನಾಗಲಿ, ಪಶ್ಚಿಮ ಘಟ್ಟದ ಹಾರುವ ಕಪ್ಪೆಯನ್ನಾಗಲಿ ಹಿಡಿದು ತರುವುದು ಸಲ್ಲದು. ಸಾಕಿ ಬೇಸತ್ತ ವಿದೇಶಿ ಕಪ್ಪೆಯನ್ನು ಉದ್ಯಾನದ ಕೊಳದಲ್ಲಿ ಬಿಡುವುದಂತೂ ಇನ್ನೂ ಅಪಾಯ. 1999ರಲ್ಲಿ ಹೆಸರಿಸಲ್ಪಟ್ಟ ಕೈಟ್ರಿಡ್ ಶಿಲೀಂಧ್ರವು ಜಗತ್ತಿನಾದ್ಯಂತ ಅನೇಕ ಕಪ್ಪೆ ಜಾತಿಗಳನ್ನು ಅಳಿಸಿದೆ. ಸಾಕುಪ್ರಾಣಿಗಳ ವ್ಯಾಪಾರ ಅದು ಹರಡಿದ ದಾರಿಗಳಲ್ಲೊಂದು.

ಈ ಕಪ್ಪೆ ಹದಿನೈದು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಮಗ ಈಗ ಪುಣೆಯಲ್ಲಿದ್ದಾನೆ, ನಮಗೆ ನಿವೃತ್ತಿ ಸಮೀಪಿಸಿದೆ. ಮೇ ತಿಂಗಳಲ್ಲಿ ಊರಿಗೆ ಹೊರಟಾಗ ಪಕ್ಕದ ಮನೆಯ ಮರಾಠಿ ಹುಡುಗಿ ಕೀಲಿಕೈ ಪಡೆದು ನೀರು ಬದಲಿಸುತ್ತಾಳೆ. ಅವಳಿಗೂ ಬರುವ ವರ್ಷ ಹತ್ತನೆಯ ತರಗತಿ. ಆಮೇಲಿನ ವ್ಯವಸ್ಥೆಯ ಮಾತು ಮನೆಯಲ್ಲಿ ಇನ್ನೂ ನಡೆಯುತ್ತಿದೆ.